ಬಿಚ್ಚಿಟ್ಟ ಬಂಡಿ

ಕಾರು ಕೆಟ್ಟು ನಿಂತರೆ ನಾಲ್ವರು ಸೇರಿ ತಳ್ಳಬಹುದು, ಬೇಸರವಾದರೆ ಮಾರಬಹುದು, ಯಾರೂ ಕೊಳ್ಳದಿದ್ದರೆ ಗುಜರಿಯವನಿಗೆ ತೂಕದ ಮೇಲೆ ಹಾಕಬಹುದು. ಬಿಚ್ಚಿಟ್ಟ ಕಾರಿಗೆ ಈ ಮೂರು ಗತಿಗಳಲ್ಲಿ ಒಂದೂ ಇಲ್ಲ. ಅದರ ಮೈ ಒಂದು ಕಡೆ, ಹೊಟ್ಟೆಯೊಳಗಿನದು ಇನ್ನೊಂದು ಕಡೆ. ಬಿಚ್ಚಿದವನ ಹೊರತು ಜೋಡಿಸಲು ಯಾರೂ ಮುಂದೆ ಬರುವುದಿಲ್ಲ. "ಬ್ಯಾರೇದವ್ರು ಬಿಚ್ಚಿದ್ದಕ್ಕ ನಾವು ಕೈ ಹಚ್ಚೂದಿಲ್ರಿ" ಎಂಬುದು ನಮ್ಮ ಕಡೆಯ ಮಿಸ್ತ್ರಿಗಳೆಲ್ಲ ಪಾಲಿಸುವ ಅಲಿಖಿತ ಶಾಸನ. ಆದ್ದರಿಂದ ಬಿಚ್ಚಿದವನ ಕೈಗೆ ನಮ್ಮ ಜುಟ್ಟು ಸಿಕ್ಕಂತೆಯೇ. 2018ರ ಜೂನ್‌ನಿಂದ 2019ರ ಮೇ ತಿಂಗಳವರೆಗೆ, ಹನ್ನೊಂದು ತಿಂಗಳು, ನಮ್ಮ ಜುಟ್ಟು ಸೊಲ್ಲಾಪುರದ ಒಂದು ಗ್ಯಾರೇಜಿನ ಮಾಲಕರ ಕೈಯಲ್ಲಿತ್ತು. ಅವರ ಹೆಸರಾಗಲಿ ಗ್ಯಾರೇಜಿನ ಹೆಸರಾಗಲಿ ಇಲ್ಲಿ ಬೇಡ. ಅವರಂಥವರು ಎಲ್ಲ ಊರಿನಲ್ಲಿಯೂ ಇದ್ದಾರೆ. ಹೆಸರು ಹೇಳಿದರೆ ಉಳಿದವರು ತಾವು ಅವರಲ್ಲವೆಂದು ಸಮಾಧಾನಪಟ್ಟುಕೊಂಡಾರು.

ನಮ್ಮದು 1993ರಲ್ಲಿ ನೋಂದಣಿಯಾದ ಪ್ರೀಮಿಯರ್ ಪದ್ಮಿನಿ, ಸೊಲ್ಲಾಪುರದ ಎಂ.ಎಚ್. 13ರ ಸಂಖ್ಯೆಯದು. ಮುಂಬಯಿಯ ಕುರ್ಲಾದ ಕಾರ್ಖಾನೆಯಲ್ಲಿ ಇಟಲಿಯ ಫಿಯಟ್ 1100ರ ಮಾದರಿಯಿಂದ ತಯಾರಾಗುತ್ತಿದ್ದ ಈ ಗಾಡಿಗೆ 1970ರ ದಶಕದಲ್ಲಿ ಪದ್ಮಿನಿಯೆಂದು ಹೆಸರಾಯಿತು. ಆದರೂ ನಮ್ಮ ಅಕ್ಕಲಕೋಟೆಯ ಕಡೆ ಹಿರಿಯರು ಕೊನೆಯವರೆಗೂ ಅದನ್ನು 'ಫಿಯಾಟ' ಎಂದೇ ಕರೆದರು. 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಇಂಜಿನು, ಸ್ಟಿಯರಿಂಗಿನ ಪಕ್ಕಕ್ಕೇ ಗೇರಿನ ದಂಡಿಗೆ. ಆ ಗೇರು ಹಾಕಲು ಕಲಿತವನು ಹೊಸ ಕಾರಿನಲ್ಲಿ ಕೂತಾಗಲೂ ಸ್ವಲ್ಪ ಕಾಲ ಗಾಳಿಯಲ್ಲಿ ಕೈಯಾಡಿಸುತ್ತಾನೆ. ಮುಂಬಯಿಯಲ್ಲಿ ಕಪ್ಪು-ಹಳದಿ ಟ್ಯಾಕ್ಸಿಯಾಗಿ ದುಡಿದ ಇದರ ಸೋದರಿಯರಲ್ಲಿ ಕೊನೆಯದು 2023ರ ಅಕ್ಟೋಬರ್‌ನಲ್ಲಿ ಸೇವೆಯಿಂದ ಇಳಿಯಿತು. ನಮ್ಮ ಮನೆಯವರು ಗಾಡಿಗೆ 'ಪದ್ದಕ್ಕ' ಎನ್ನುತ್ತಾರೆ. ಕಾರಿಗೆ ಹೆಸರಿಡುವುದು ನಮಗೆ ಒಗ್ಗದ ಮಾತು, ಆದರೆ ಕೂಗಿ ಕೂಗಿ ನಮ್ಮ ಬಾಯಿಗೂ ಅದೇ ಬಂದಿದೆ.

ಈ ಗಾಡಿಯ ಮುಖ್ಯ ಉದ್ಯೋಗ ಗಡಿ ದಾಟುವುದು. ನಮ್ಮ ಮನೆಯವರ ತವರು ಆಳಂದ ತಾಲೂಕಿನ ಒಂದು ಸಣ್ಣ ಹಳ್ಳಿ. ವಾಗ್ದರಿಯ ದಾರಿಯಾಗಿ ಹೋಗಿ, ಡಾಂಬರು ಬಿಟ್ಟು ಎರೆಮಣ್ಣಿನ ಹಾದಿ ಹಿಡಿದರೆ ನಾಲ್ಕು ಕಿಲೋಮೀಟರು. ಬಸ್ಸು ರಸ್ತೆಯ ಮೇಲೇ ಇಳಿಸಿ ಹೋಗುತ್ತದೆ. ಅಲ್ಲಿ ನಮ್ಮ ಅತ್ತೆಯವರಿದ್ದರು, ತೊಂಬತ್ತು ದಾಟಿದವರು. ಪ್ರತಿ ಅಮಾವಾಸ್ಯೆಗೆ ಹೋಗಿ, ಅವರನ್ನು ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು, ಊರ ಹೊರಗಿನ ಗುಡಿಗೆ ಒಯ್ದು ತರುವುದು ಇಪ್ಪತ್ತು ವರ್ಷ ತಪ್ಪದೆ ನಡೆದ ಪದ್ಧತಿ. ಅತ್ತೆಯವರು ಎಲೆ ಹಾಕಿಕೊಳ್ಳುತ್ತಿದ್ದರು. ಬೆರಳಿಗೆ ಅಂಟಿದ ಸುಣ್ಣವನ್ನು ಎಷ್ಟು ಬೇಡವೆಂದರೂ ಪಕ್ಕದ ಬಾಗಿಲಿನ ರೆಕ್ಸಿನ್ನಿಗೇ ಒರೆಸುವರು. ಅದಕ್ಕಾಗಿ ಮಗಳಿಂದ ಬೈಸಿಕೊಳ್ಳುವರು. ಮುಂದಿನ ಅಮಾವಾಸ್ಯೆಗೆ ಮತ್ತೆ ಒರೆಸುವರು.

2018ರಲ್ಲಿ ಗಾಡಿಯ ನೋಂದಣಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿಕೊಂಡು ಬಂದ ಕೆಲವೇ ದಿನಗಳಲ್ಲಿ ಹಿಂದಿನ ಕೊಳವೆಯಿಂದ ನೀಲಿ ಹೊಗೆ ಕಾಣಿಸಿತು. ಕರಿ ಹೊಗೆಯಾದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆಯೆಂದು ತಿಳಿದು ಕಾರ್ಬ್ಯುರೇಟರ್ ತಿರುವಬಹುದು. ನೀಲಿ ಹೊಗೆ ಬೇರೆ ಜಾತಿಯದು. ಪಿಸ್ಟನ್ನಿನ ಬಳೆಗಳು ಸವೆದು, ಕೆಳಗಿನ ಆಯಿಲ್ ಮೇಲೆ ನುಸುಳಿ ಪೆಟ್ರೋಲಿನೊಡನೆ ಉರಿಯುತ್ತಿದೆ ಎಂಬುದರ ಸೂಚನೆ ಅದು. ಪ್ಲಗ್ಗು ಬಿಚ್ಚಿದರೆ ಕಾಡಿಗೆಯಂತೆ ಜಿಡ್ಡು ಮೆತ್ತಿರುತ್ತದೆ. ಇಂಜಿನು ಇಳಿಸಬೇಕು, ಸಿಲಿಂಡರುಗಳನ್ನು ಲೇಥಿನವರಲ್ಲಿ ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬೇಕು, ಕ್ರ್ಯಾಂಕ್ ಶಾಫ್ಟನ್ನು ಗ್ರೈಂಡಿಂಗಿಗೆ ಕೊಡಬೇಕು, ಹೇಗೂ ಬಿಚ್ಚಿದ ಮೇಲೆ ಸೀಟು ಬಾಗಿಲುಗಳ ರೆಕ್ಸಿನ್ನೂ ಹೊಸದಾಗಲಿ ಎಂದರು ಮಾಲಕರು. ಒಟ್ಟು 46,000 ರೂಪಾಯಿ, ಇಪ್ಪತ್ತು ದಿನ. ಅಂದು 25,000 ಕೊಟ್ಟೆವು. ಅಕ್ಟೋಬರ್‌ನಲ್ಲಿ ಪಿಸ್ಟನ್ ಸೆಟ್ಟಿಗೆಂದು ಮತ್ತೆ 8,000. ಎರಡಕ್ಕೂ ಸಹಿ ಹಾಕಿದ ಪಾವತಿ ಪಡೆದೆವು. ಮೂವತ್ತು ವರ್ಷ ಶಾಲೆಯ ಲೆಕ್ಕಪತ್ರ ನೋಡಿದವರಿಗೆ ಪಾವತಿಯಿಲ್ಲದೆ ಹಣ ಕೊಡಲು ಕೈಯೇ ಏಳುವುದಿಲ್ಲ.

ಇಪ್ಪತ್ತು ದಿನಕ್ಕೆ ಹೋದೆವು. ಆಷಾಢ ಏಕಾದಶಿಗೆ ಹುಡುಗರು ಪಂಢರಪುರದ ವಾರಿಗೆ ಹೋಗಿದ್ದರು. ಆಮೇಲೆ ಗಣಪತಿ ಬಂದ. ಗಣಪತಿ ಹೋದ ಮೇಲೆ ಪಿಸ್ಟನ್ ಮುಂಬಯಿಯಿಂದ ಬರಬೇಕಿತ್ತು. ಅದು ಬಂದಾಗ ದೀಪಾವಳಿ. ಜನವರಿಯಲ್ಲಿ ಸಿದ್ಧೇಶ್ವರನ ಗಡ್ಡಾ ಜಾತ್ರೆ; ನಂದಿಧ್ವಜಗಳ ಮೆರವಣಿಗೆಯ ದಿನಗಳಲ್ಲಿ ಸೊಲ್ಲಾಪುರದಲ್ಲಿ ಸುತ್ತಿಗೆ ಎತ್ತುವವರು ಯಾರಿದ್ದಾರೆ? ಇದರಲ್ಲಿ ಒಂದೂ ಸುಳ್ಳು ಕಾರಣವಲ್ಲ ಎಂಬುದೇ ನಮ್ಮ ಬಾಯಿ ಕಟ್ಟಿದ ಸಂಗತಿ. ಹಬ್ಬಗಳೆಲ್ಲ ನಿಜವೇ, ಹುಡುಗರ ಭಕ್ತಿಯೂ ನಿಜವೇ. ಆದರೆ ಹಬ್ಬಗಳ ನಡುವಿನ ದಿನಗಳು ಎಲ್ಲಿ ಹೋಗುತ್ತಿದ್ದವೆಂದು ಕೇಳಿದರೆ ಮಾಲಕರು ಚಹಾ ತರಿಸುವರು. ಚಹಾ ಮುಗಿದ ಮೇಲೆ ಒಂದೇ ಮರಾಠಿ ಮಾತು: "ಉದ್ಯಾ, ಸರ್." ಕರ್ನಾಟಕದ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ದೆವ್ವ ಬಾಗಿಲು ತಟ್ಟಿದರೆ ಹಿಂದಿರುಗಲೆಂದು ಮನೆಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು. ಬಂದ ದೆವ್ವ ಓದಿ ಹೋಗುವುದು, ಮರುದಿನ ಬಂದು ಮತ್ತೆ ಓದುವುದು. ಆ ದೆವ್ವದ ಸಾಕ್ಷರತೆಯ ಬಗ್ಗೆ ನಾವು ತರಗತಿಯಲ್ಲಿ ಎಷ್ಟೋ ಸಲ ನಕ್ಕಿದ್ದುಂಟು. ನಲವತ್ತು ಕಿಲೋಮೀಟರು ಬಸ್ಸಿನಲ್ಲಿ ಬಂದು 'ಉದ್ಯಾ' ಕೇಳಿಕೊಂಡು ಮರಳುವಾಗ ಆ ದೆವ್ವದ ಮೇಲೆ ಕನಿಕರ ಹುಟ್ಟಿತು.

ಇನ್ನೊಂದು ಸಂಗತಿಯೂ ಮನಸ್ಸಿಗೆ ಬರುತ್ತಿತ್ತು. ಇದು ಸೊನ್ನಲಿಗೆ, ಸಿದ್ಧರಾಮನ ಊರು. ಕೆರೆ ತೋಡುವುದನ್ನೂ ಗುಡಿ ಕಟ್ಟುವುದನ್ನೂ ಪೂಜೆಯೆಂದು ಬಗೆದ ವಚನಕಾರನ ಕೆರೆಯ ದಂಡೆಯಲ್ಲಿಯೇ ನಮ್ಮ ಬಸ್ಸಿನ ದಾರಿ. ಊರಿಗೂ ಊರಿನ ಸಂತರಿಗೂ ಅಷ್ಟೇ ಸಂಬಂಧ ಎಂದು ಸಿಟ್ಟಿನಲ್ಲಿ ಅಂದುಕೊಳ್ಳುತ್ತಿದ್ದೆವು. ಮುಂದೆ ಹೇಳುವ ಲೇಥಿನ ಮುದುಕರನ್ನು ಕಂಡ ಮೇಲೆ ಆ ಮಾತು ಹಿಂದಕ್ಕೆ ಪಡೆದೆವು.

ಆ ಹನ್ನೊಂದು ತಿಂಗಳಲ್ಲಿ ನಮ್ಮ ಮನೆಯವರು ತವರಿಗೆ ಹೋದದ್ದು ಮೂರೇ ಸಲ. ಮೊಣಕಾಲು ಹಿಡಿದುಕೊಂಡು ಎರೆಮಣ್ಣಿನಲ್ಲಿ ನಾಲ್ಕು ಕಿಲೋಮೀಟರು ನಡೆಯುವುದು ಅವರಿಂದಾಗದು. ಬಾಡಿಗೆಯ ಜೀಪು ಪ್ರತಿ ಅಮಾವಾಸ್ಯೆಗೆ ನಮ್ಮ ಪಿಂಚಣಿಯಿಂದಾಗದು. ಅತ್ತೆಯವರು ಪ್ರತಿಸಲವೂ ಕೇಳುತ್ತಿದ್ದರು, "ಗಾಡಿ ಎಲ್ಲೈತಿ?" ಎಂದು. "ರಿಪೇರಿಗೆ ಹೋಗೇತಿ" ಎಂದರೆ, "ಇನ್ನೂ?" ಎನ್ನುವರು. ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ರಾತ್ರಿ ಹನ್ನೊಂದಕ್ಕೆ ಸುದ್ದಿ ಬಂತು. ಆ ಹೊತ್ತಿನಲ್ಲಿ ಜೀಪು ಹುಡುಕಿ ಹೊರಡುವಷ್ಟರಲ್ಲಿ ಎರಡಾಯಿತು. ದಾರಿಯುದ್ದಕ್ಕೂ ನಮ್ಮ ಮನೆಯವರು ಒಂದು ಮಾತೂ ಆಡಲಿಲ್ಲ.

ದಿನಕರ್ಮಗಳೆಲ್ಲ ಮುಗಿದು ಬಂದ ಮೇಲೆ ನಾವು ಗಾಡಿಯ ಆಸೆ ಬಿಡುವ ಮಾತೆತ್ತಿದೆವು. ಯಾವ ಕಾರ್ಯಕ್ಕೆ ಅದು ಬೇಕಿತ್ತೋ ಆ ಕಾರ್ಯವೇ ಮುಗಿದಿತ್ತು. ಆಗ ಅವರೆಂದರು: "ಕೂಡ್ಸೂದು ಅವರ ಕಡಿಂದ ಆಗೂದಿಲ್ಲ. ಬಿಚ್ಚಿದಂಗನ ತರ್ರಿ. ಆದ್ರ ತರ್ರಿ."

ಇದು ನಮಗೆ ಹೊಳೆದಿರದ ದಾರಿ. ಹನ್ನೊಂದು ತಿಂಗಳು ನಾವು ಕೇಳುತ್ತಿದ್ದುದು 'ಯಾವಾಗ ಜೋಡಿಸುತ್ತೀರಿ' ಎಂದು. ಆ ಪ್ರಶ್ನೆಗೆ 'ಉದ್ಯಾ' ಎಂಬ ಉತ್ತರವಿದೆ. 'ನಮ್ಮ ಸಾಮಾನು ಎಲ್ಲಿದೆ, ತೋರಿಸಿರಿ' ಎಂಬ ಪ್ರಶ್ನೆಗೆ ಆ ಉತ್ತರ ಒಪ್ಪುವುದಿಲ್ಲ.

ಶಾಲೆಗಳಲ್ಲಿ ಡೆಡ್‌ಸ್ಟಾಕ್ ರಜಿಸ್ಟರ್ ಎಂಬುದೊಂದಿರುತ್ತದೆ. ಬೆಂಚು, ಕರಿಹಲಗೆ, ಗಂಟೆ, ಭೂಗೋಲ, ಮುರಿದ ಕುರ್ಚಿ ಎಲ್ಲವೂ ಅದರಲ್ಲಿ ಕ್ರಮಸಂಖ್ಯೆ ಪಡೆದು ಕೂತಿರುತ್ತವೆ. ಹೊಸ ಮುಖ್ಯಾಧ್ಯಾಪಕರು ಅಧಿಕಾರ ವಹಿಸಿಕೊಳ್ಳುವಾಗ ಒಂದೊಂದನ್ನೂ ಕಣ್ಣಾರೆ ಕಂಡು ಸಹಿ ಮಾಡಬೇಕು. ಅದೇ ನಮೂನೆಯಲ್ಲಿ ಇನ್ನೂರು ಪುಟದ ನೋಟುಬುಕ್ಕಿಗೆ ಗೆರೆ ಹೊಡೆದೆವು: ಕ್ರಮಾಂಕ, ಭಾಗದ ಹೆಸರು, ಸಂಖ್ಯೆ, ಸದ್ಯ ಇರುವ ಸ್ಥಳ, ಕೈಗೆ ಬಂದ ದಿನಾಂಕ, ಷರಾ. ಭಾಗಗಳ ಹೆಸರು ಬರೆಸಿದವನು ನಮ್ಮ ಕನ್ನಡ ಶಾಲೆಯ ಹಳೆಯ ವಿದ್ಯಾರ್ಥಿ, ಎಸ್.ಟಿ. ಡಿಪೋದಲ್ಲಿ ಮಿಸ್ತ್ರಿ. ಏಳನೆಯ ಇಯತ್ತೆಯಲ್ಲಿ ಸಂಧಿಗಳನ್ನು ಬಿಡಿಸಲು ಹೇಳಿದರೆ ಕಣ್ಣು ಕಣ್ಣು ಬಿಡುತ್ತಿದ್ದ ಹುಡುಗ, ನಮ್ಮ ಪಡಸಾಲೆಯಲ್ಲಿ ಕೂತು ಒಂದು ಇಂಜಿನನ್ನು ಬಾಯಲ್ಲೇ ಬಿಡಿಸಿ ಬಾಯಲ್ಲೇ ಕೂಡಿಸಿದ. 143 ನಮೂದುಗಳಾದವು.

ಅವನು ಮೂರು ಮಾತು ಒತ್ತಿ ಹೇಳಿದ. ಬ್ಲಾಕಿನ ಮೇಲೆ ಕೊರೆದ ಇಂಜಿನ್ ನಂಬರು ಆರ್.ಸಿ. ಪುಸ್ತಕದ ನಂಬರಿಗೆ ಅಕ್ಷರಶಃ ಹೊಂದಬೇಕು. ಇಲ್ಲವಾದರೆ ಮುಂದಿನ ನವೀಕರಣಕ್ಕೆ ಆರ್.ಟಿ.ಓ. ಮುಂದೆ ನಿಲ್ಲಿಸಿದಾಗ ಗಾಡಿ ಅನಾಥವಾಗುತ್ತದೆ. ಎರಡನೆಯದು, ಕ್ರ್ಯಾಂಕ್ ಶಾಫ್ಟನ್ನು ಕೆಳಗಿನಿಂದ ಹಿಡಿದಿಡುವ ಬೇರಿಂಗ್ ಕ್ಯಾಪುಗಳು ಆಯಾ ಬ್ಲಾಕಿನವೇ ಆಗಿರಬೇಕು. ಕಾರ್ಖಾನೆಯಲ್ಲಿ ಕ್ಯಾಪನ್ನು ಬ್ಲಾಕಿಗೆ ಬಿಗಿದಿಟ್ಟೇ ಎರಡಕ್ಕೂ ಒಟ್ಟಿಗೆ ರಂಧ್ರ ಕೊರೆಯುತ್ತಾರೆ. ಬೇರೆ ಬ್ಲಾಕಿನ ಕ್ಯಾಪು ಹಾಕಿದರೆ, ಅಷ್ಟೇಕೆ, ಅದೇ ಕ್ಯಾಪನ್ನು ಹಿಂದುಮುಂದಾಗಿ ಹಾಕಿದರೂ ಶಾಫ್ಟು ಬಿಗಿಹಿಡಿದು ನಿಲ್ಲುತ್ತದೆ. ಮೂರನೆಯದು ಎಂಟು ವಾಲ್ವುಗಳು: ಒಂದೊಂದೂ ತನ್ನ ಪೀಠದಲ್ಲೇ ತಿಕ್ಕಿ ಕೂತದ್ದು, ಅದಲುಬದಲಾದರೆ ಗಾಳಿ ಸೋರುತ್ತದೆ. "ಸರ್, ಇದು ಪ್ರಾರ್ಥನಾಕ್ಕ ಹುಡುಗುರು ನಿಂತಂಗ. ಅವರವರ ಜಾಗಾದಾಗ ಅವರವರ ನಿಲ್ಲಬೇಕು" ಎಂದ. ಅಂಥ ಉಪಮೆಯನ್ನು ನಾವು ಕಲಿಸಿದ ನೆನಪಿಲ್ಲ.

ಕಾನೂನಿನ ಮಾತಿಗೆ ಒಬ್ಬ ವಕೀಲ ಮಿತ್ರರಿದ್ದರು. 1872ರ ಭಾರತೀಯ ಕರಾರು ಕಾಯಿದೆಯ 170ನೆಯ ಕಲಮಿನಂತೆ, ಒಪ್ಪಿಸಿದ ವಸ್ತುವಿನ ಮೇಲೆ ಒಪ್ಪಿದ ಉದ್ದೇಶಕ್ಕನುಸಾರವಾಗಿ ದುಡಿದವನಿಗೆ ತನ್ನ ಕೂಲಿ ಬರುವವರೆಗೆ ವಸ್ತುವನ್ನು ಇಟ್ಟುಕೊಳ್ಳುವ ಹಕ್ಕಿದೆ. ವಜ್ರವನ್ನು ಸಾಣೆ ಹಿಡಿದ ಅಕ್ಕಸಾಲಿಗ, ಕೂಲಿ ಸಿಗುವವರೆಗೆ ವಜ್ರ ಕೊಡದಿರಬಹುದು. ಕಾಯಿದೆಯೇ ಈ ಉದಾಹರಣೆ ಕೊಡುತ್ತದೆ. ನ್ಯಾಯವಾದ ಹಕ್ಕು ಅದು. "ಆದರೆ ಒಡೆದ ವಜ್ರ ಇಟ್ಟುಕೊಂಡು ಕೂಲಿ ಕೇಳುವವನಿಗೆ ಈ ಕಲಮು ಆಸರೆಯಲ್ಲ" ಎಂದರು ಮಿತ್ರರು. ಸೇವೆಯಲ್ಲಿ ನ್ಯೂನತೆಯೆಂದು ಆಗಿನ ಜಿಲ್ಲಾ ಗ್ರಾಹಕ ವೇದಿಕೆಗೆ ಎರಡು ವರ್ಷದೊಳಗೆ ದೂರು ಕೊಡಬಹುದಿತ್ತು, ವಕೀಲರಿಲ್ಲದೆ ನಾವೇ ವಾದಿಸಬಹುದಿತ್ತು. ಅದಕ್ಕೆ ಮೊದಲು ಹದಿನೈದು ದಿನಗಳ ಒಂದು ನೋಟೀಸು. ಅದನ್ನು ಮರಾಠಿಯಲ್ಲಿ ಬರೆದೆವು. ಚೌಕಾಶಿಗೆ ಹಿಂದಿ, ಕಾಗದಕ್ಕೆ ಮರಾಠಿ, ಸಿಟ್ಟಿಗೆ ಕನ್ನಡ: ಗಡಿಯಲ್ಲಿ ಬಾಳಿದವರಿಗೆ ಈ ವಿಭಾಗಣೆ ಹೇಳಿಕೊಡಬೇಕಿಲ್ಲ.

ನೋಟೀಸು ತಲುಪಿದ ಮೇಲೆ ಮಾಲಕರ ಧಾಟಿ ಬದಲಾಯಿತು. ಉಳಿದ 13,000 ಕೊಟ್ಟು ಈಗಲೇ ಒಯ್ಯಿರಿ ಎಂದರು. ನಾವು ನೋಟುಬುಕ್ಕು ತೆರೆದು, ಹಳೆಯ ವಿದ್ಯಾರ್ಥಿಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಮೊದಲ ನಮೂದಿನಿಂದ ಓದತೊಡಗಿದೆವು. ಬಾನೆಟ್ಟು ಗೋಡೆಗೆ ಒರಗಿತ್ತು, ಬಂತು. ರೇಡಿಯೇಟರು ಬೇವಿನ ಗಿಡದ ಬುಡದಲ್ಲಿತ್ತು, ಅದರ ಮೇಲೆ ಯಾರೋ ಒದ್ದೆ ಅಂಗಿ ಹರವಿದ್ದರು. ಕಾರ್ಬ್ಯುರೇಟರು ಬೇರೊಬ್ಬರ ಪದ್ಮಿನಿಯಲ್ಲಿ ಕೆಲಸ ಮಾಡುತ್ತಿತ್ತು. ಅದನ್ನು ನಮ್ಮೆದುರಿಗೇ ಬಿಚ್ಚಿಸಿದೆವು. ಆ ಗಾಡಿಯ ಯಜಮಾನರು ಯಾರೋ, ಅವರ 'ಉದ್ಯಾ' ಅಂದಿನಿಂದ ಶುರುವಾಗಿರಬೇಕು. ನಟ್ಟುಬೋಲ್ಟುಗಳೆಲ್ಲ ಒಂದು ಎಣ್ಣೆ ಡಬ್ಬಿಯಲ್ಲಿ ಖಿಚಡಿಯಾಗಿದ್ದವು.

ಬ್ಲಾಕಿನ ಸರದಿ ಬಂದಾಗ ಇಬ್ಬರು ಹುಡುಗರು ಒಂದನ್ನು ಹೊತ್ತು ತಂದು ಇಳಿಸಿದರು. ನಾವು ಕನ್ನಡಕ ಒರೆಸಿಕೊಂಡು ಆರ್.ಸಿ. ಪುಸ್ತಕ ಹಿಡಿದು ಬಗ್ಗಿದೆವು. ಜಿಡ್ಡನ್ನು ಸೀಮೆಎಣ್ಣೆಯಿಂದ ತೊಳೆಸಿ ಮೂರು ಸಲ ಓದಿದೆವು. ನಂಬರು ನಮ್ಮದಲ್ಲ.

"ಇಂಜಿನ್ ಇಂಜಿನ್ನ ಅಲ್ಲೇನ್ರಿ ಸರ್, ಕಂಪನಿ ಒಂದ, ಸೈಜ್ ಒಂದ" ಎಂದರು ಮಾಲಕರು, ಮೊದಲ ಬಾರಿಗೆ ಕನ್ನಡದಲ್ಲಿ. ಅವರಿಗೆ ಕನ್ನಡ ಬರುತ್ತದೆಂದು ಹನ್ನೊಂದು ತಿಂಗಳು ನಮಗೆ ಗೊತ್ತಿರಲಿಲ್ಲ! ಅವರ ಮುಂದೆಯೇ ನಾವೂ ಶಿಷ್ಯನೂ ಎಷ್ಟು ಮಾತು ಆಡಿಕೊಂಡಿದ್ದೆವೋ. ಇರಲಿ. ನಮ್ಮ ಬ್ಲಾಕು ಎಲ್ಲಿ ಎಂಬುದಕ್ಕೆ ಉತ್ತರ ಕೊಟ್ಟವರು ಅವರಲ್ಲ, ಸೀಮೆಎಣ್ಣೆ ತಂದ ಸಣ್ಣ ಹುಡುಗ. ಅದು ಬೋರಿಂಗಿಗೆ ಹೋದ ಲೇಥಿನ ಅಂಗಡಿಯಲ್ಲೇ ಇದೆ, ದುಡ್ಡು ಕೊಡದ್ದಕ್ಕೆ ಅವರು ಬಿಟ್ಟಿಲ್ಲ ಎಂದು ಅವನು ಸಹಜವಾಗಿ ಹೇಳಿಬಿಟ್ಟ.

ಆ ಅಂಗಡಿ ಮಗ್ಗಗಳ ಓಣಿಯಲ್ಲಿತ್ತು. ಸೊಲ್ಲಾಪುರದ ಚಾದರು ನೇಯುವ ಪವರ್‌ಲೂಮುಗಳ ಸವೆದ ಭಾಗಗಳನ್ನು ತಿರುವಿಕೊಡುವುದೇ ಅಂಥ ಲೇಥುಗಳ ಮೂಲ ಕಸುಬು. ಮಾಲಕರು ತೆಲುಗು ಮನೆಮಾತಿನ ವೃದ್ಧರು. ನಮ್ಮೊಡನೆ ಕನ್ನಡದಲ್ಲೇ ಮಾತಾಡಿದರು. ಮೂಲೆಯಿಂದ ಒಂದು ಗೋಣಿಚೀಲ ಸರಿಸಿದರು. ನಮ್ಮ ಬ್ಲಾಕು ಒಳಗೆ ಆಯಿಲ್ ಸವರಿಸಿಕೊಂಡು, ನಾಲ್ಕು ಬಾವಿಗಳೂ ಕನ್ನಡಿಯಂತೆ ಹೊಳೆಯುತ್ತ ಕೂತಿತ್ತು. ಬೇರಿಂಗ್ ಕ್ಯಾಪುಗಳನ್ನು ಆಯಾ ಸ್ಥಾನದಲ್ಲೇ ಬಿಗಿದಿಟ್ಟಿದ್ದರು. ಗ್ರೈಂಡ್ ಮಾಡಿದ ಕ್ರ್ಯಾಂಕ್ ಶಾಫ್ಟು ಗ್ರೀಸು ಹಚ್ಚಿದ ಬಟ್ಟೆಯಲ್ಲಿ ಸುತ್ತಿ, ಬಾಗದಂತೆ ನೆಟ್ಟಗೆ ನಿಲ್ಲಿಸಿದ್ದಿತ್ತು. ಕೆಲಸ ಮುಗಿದದ್ದು ಆಗಸ್ಟಿನಲ್ಲೇ. "ಪ್ರತಿ ತಿಂಗಳು ತಗದು ಆಯಿಲ್ ಹಚ್ಚೀನ್ರಿ, ತುಕ್ಕು ಹಿಡದ್ರ ನಾ ಮಾಡಿದ್ದು ನೀರಾಗ ಹೋಗ್ತದ" ಎಂದರು. ಅವರ ಲೆಕ್ಕ 4,200 ರೂಪಾಯಿ. ಎಂಟು ತಿಂಗಳು ಕಾದದ್ದಕ್ಕೆ ಒಂದು ರೂಪಾಯಿ ಹೆಚ್ಚು ಕೇಳಲಿಲ್ಲ. 170ನೆಯ ಕಲಮು ಯಾರಿಗಾಗಿ ಬರೆದದ್ದೆಂದು ನಮಗೆ ಅಲ್ಲಿ ತಿಳಿಯಿತು. ಎಣಿಸಿ ಕೊಟ್ಟು ಪಾವತಿ ಪಡೆದೆವು. ನಂಬರು ಓದಿದೆವು, ಹೊಂದಿತು.

ಆ ಪಾವತಿಯನ್ನು ಮುಂದಿಟ್ಟಾಗ ಗ್ಯಾರೇಜಿನವರ 13,000ದ ಮಾತು ನಿಂತುಹೋಯಿತು. ಇಬ್ಬರು ಸಾಕ್ಷಿಗಳನ್ನು ಕೂಡಿಸಿ ಪಂಚನಾಮೆಯಂತೆ ಒಂದು ಯಾದಿ ಬರೆದು, ಇನ್ನು ಕೊಡುವುದು ಕೊಳ್ಳುವುದು ಏನೂ ಇಲ್ಲವೆಂದು ಸಹಿ ಮಾಡಿದರು. ಹೊರಡುವಾಗ ಚಹಾ ತರಿಸಿದರು, ಕುಡಿದೆವು. ಅವರು ಕೆಟ್ಟ ಮನುಷ್ಯರೆಂದು ಇಂದಿಗೂ ನಮಗನಿಸುವುದಿಲ್ಲ. ಹತ್ತು ಗಾಡಿ ಬಿಚ್ಚಿ ಮುಂಗಡ ಪಡೆದು, ಹನ್ನೊಂದನೆಯದರ ಮುಂಗಡದಲ್ಲಿ ಮೊದಲನೆಯದರ ಸಾಮಾನು ತರುವ ಲೆಕ್ಕ ಅವರದು. ಹನ್ನೊಂದನೆಯವನು ಬಾರದ ದಿನ ಆ ಸರಪಳಿ ಕಡಿಯುತ್ತದೆ.

ಇಂಜಿನನ್ನೂ ಡಬ್ಬಿಗಳನ್ನೂ ಟೆಂಪೋದಲ್ಲಿ ಹಾಕಿ, ಖಾಲಿ ಮೈಯನ್ನು ಅದರ ಹಿಂದೆ ಟೋಚನ್ ಮಾಡಿ, ಶಿಷ್ಯ ಸ್ಟಿಯರಿಂಗ್ ಹಿಡಿದು ಕೂತ. ವಳಸಂಗದಲ್ಲಿ ಒಮ್ಮೆ ಹಗ್ಗ ಕಡಿಯಿತು. ಅಕ್ಕಲಕೋಟೆ ಮುಟ್ಟುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ನಮ್ಮ ಮನೆಯವರು ದನದ ಕೊಟ್ಟಿಗೆಯನ್ನು ಸಾರಿಸಿ, ಹಳೆಯ ಚಾದರುಗಳನ್ನು ಹಾಸಿಟ್ಟಿದ್ದರು, ಬಾಣಂತಿಯ ಮನೆಯಂತಿತ್ತು.

ಐದು ರವಿವಾರ ಹಿಡಿಯಿತು. ಶಿಷ್ಯ ರಟ್ಟಿನ ಹಾಳೆಗೆ ಎಂಟು ತೂತು ಕೊರೆದು ವಾಲ್ವುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ತಿಕ್ಕಿದ. ನಾವು ನೋಟುಬುಕ್ಕು ಹಿಡಿದು ಹೆಸರು ಕೂಗುವುದು, ಅವನು 'ಹಾಜರ್ ಸರ್' ಎಂದು ಎತ್ತಿಕೊಳ್ಳುವುದು. ಕೂಲಿ ಕೊಡಲು ಹೋದರೆ ಮೊದಲು ಬೇಡವೆಂದ. ಕೂಲಿ ಬೇಡವೆಂದರೆ ಮುಂದಿನ ರವಿವಾರ ಬರಬೇಡವೆಂದು ಹೇಳಿದ ಮೇಲೆ ತೆಗೆದುಕೊಂಡ. ಮಿರಗದ ಮೊದಲ ಮಳೆಯ ಮರುದಿನ ಇಂಜಿನು ಮಾತಾಡಿತು. ಹೊಗೆ ನೋಡಲು ಇಬ್ಬರೂ ಹಿಂದಕ್ಕೆ ಓಡಿದೆವು. ಇರಲಿಲ್ಲ.

ಬಾಗಿಲುಗಳ ಒಳಹಲಗೆಗಳನ್ನು ಕೊನೆಗೆ ತೆಗೆದುಕೊಂಡೆವು. ಹೊಸ ರೆಕ್ಸಿನ್ ಹೊದಿಸಲೆಂದು ಗ್ಯಾರೇಜಿನವರು ಬಿಚ್ಚಿದ್ದ ಅವುಗಳನ್ನು ಯಾರೂ ಮುಟ್ಟಿರಲಿಲ್ಲ. ಹಳೆಯ ದಿನಪತ್ರಿಕೆಯಲ್ಲಿ ಕಟ್ಟಿದ್ದು ಕಟ್ಟಿದಂತೆಯೇ ಇದ್ದವು. ಹಿಂದಿನ ಎಡಬಾಗಿಲಿನದನ್ನು ಶಿಷ್ಯ ಒರೆಸಲು ಬಟ್ಟೆ ಎತ್ತಿಕೊಂಡಾಗ ನಮ್ಮ ಮನೆಯವರು ಅವನ ಕೈ ಹಿಡಿದರು. ಮೂರು ನಾಲ್ಕು ಬೆರಳು, ಸುಣ್ಣದವು, ಒಂದರ ಮೇಲೊಂದು. ಅದನ್ನು ಹಾಗೆಯೇ ಕೂಡಿಸಿದ್ದಾಗಿದೆ. ಬೋರಿಂಗಾದ ಇಂಜಿನಿಗೆ ಮೊದಲ ಸಾವಿರ ಕಿಲೋಮೀಟರು ಅವಸರ ಕೂಡದಾದ್ದರಿಂದ ಮುಂದಿನ ಅಮಾವಾಸ್ಯೆಗೆ ನಲವತ್ತರ ವೇಗದಲ್ಲೇ ಆಳಂದದ ಕಡೆ ಹೋಗಿಬಂದೆವು.

143 ನಮೂದುಗಳಲ್ಲಿ 142ಕ್ಕೆ ದಿನಾಂಕ ಬಿದ್ದಿದೆ. 88ನೆಯದು, ಚಕ್ರ ಎತ್ತುವ ಜಾಕು, ಇನ್ನೂ ಬಂದಿಲ್ಲ. ಬೇರೆ ಕೊಂಡಿದ್ದೇವೆ. ಆದರೂ ಆ ಸಾಲಿಗೆ ಗೆರೆ ಎಳೆದಿಲ್ಲ. ಡೆಡ್‌ಸ್ಟಾಕ್‌ನಿಂದ ವಸ್ತುವನ್ನು ಕಡಿಮೆ ಮಾಡಲು ಮೇಲಧಿಕಾರಿಗಳ ಮಂಜೂರಾತಿ ಬೇಕು, ನಮ್ಮ ಮನೆಯವರು ಅದನ್ನು ಇನ್ನೂ ಕೊಟ್ಟಿಲ್ಲ.